ಹಿಟ್ಟಿನ ಡಬ್ಬಿಯೊಳಗಿನ ಫೋನು

ನನ್ನ ಫೋನಿಗೆ ಈಗ ಜೋಳದ ಹಿಟ್ಟಿನ ವಾಸನೆ. ಮಾತು ಬರುವ ತೂತುಗಳಲ್ಲೆಲ್ಲ ಹಿಟ್ಟು ಕೂತಿದೆ. ರಿಪೇರಿ ಅಂಗಡಿಯವನು ಸಣ್ಣ ಬ್ರಷ್ಷು ಹಿಡಿದು, "ಸ್ವಚ್ಛ ಮಾಡ್ಲೇನ್ರಿ ಸರ್?" ಅಂದ. ಬೇಡ ಅಂದೆ. ಯಾಕೆಂದು ನಿಮಗೆ ಹೇಳಬೇಕಾದರೆ ಕಾಕಾನ ವ್ಯಾನಿನ ಕಥೆ ಹೇಳಬೇಕು, ಅದನ್ನು ಹೇಳಿದರೆ ನನ್ನ ಮಾನ ಹೋಗುತ್ತದೆ. ಹೋಗಲಿ ಬಿಡಿ, ರಿಟೈರ್ ಆದ ಮೇಲೆ ಅದನ್ನು ಇಟ್ಟುಕೊಂಡು ಮಾಡುವುದೇನಿದೆ.

ಕಾಕಾ ಎಂದರೆ ನನ್ನ ಅಪ್ಪನ ಕಿರಿಯ ತಮ್ಮ. ಹಾನಗಲ್ಲಿನಲ್ಲಿ ಗ್ಯಾರೇಜು ಇಟ್ಟಿದ್ದ. ಎಂಟು ವರ್ಷದ ಹಿಂದೆ ಎಲ್ಲಿಂದಲೋ ಒಂದು ಮುದಿ ವ್ಯಾನು ಎಳೆದುಕೊಂಡು ಬಂದು, ಒಳಗೆ ಹಲಗೆ ಮಂಚ, ನೀರಿನ ಡ್ರಮ್ಮು, ಒಂದು ಸಣ್ಣ ಗ್ಯಾಸ್ ಒಲೆ ಕೂಡಿಸಿದ. ಕಿಟಕಿಗೆ ಅವನ ಹೆಂಡತಿ, ಅಂದರೆ ನನ್ನ ಚಿಗವ್ವನ ಹಳೆಯ ಇಳಕಲ್ ಸೀರೆಯ ಪರದೆ. ದೇಶ ಸುತ್ತುವುದು ಎಂದು ಗಂಡ ಹೆಂಡತಿ ತೀರ್ಮಾನಿಸಿದರು. ಎಲ್ಲಿಯವರೆಗೆ ಎಂದು ಕೇಳಿದರೆ ಕಾಕಾ, "ರಸ್ತೆ ಮುಗಿಯೋತನ," ಅನ್ನುತ್ತಿದ್ದ. ನಾನು ಭೂಗೋಳದ ಮಾಸ್ತರ. ನಕಾಶೆ ಹಿಡಿಯಲಿ ಎಂದು ನನ್ನನ್ನೂ ಹತ್ತಿಸಿಕೊಂಡರು.

ಚಿಗವ್ವನಿಗೆ ದಿಲ್ಲಿಯೂ ಬೇಕಿರಲಿಲ್ಲ, ಹಿಮವೂ ಬೇಕಿರಲಿಲ್ಲ. ತುಂಬಿದ ಮನೆಗೆ ಸೊಸೆಯಾಗಿ ಬಂದವಳು. ಇವತ್ತು ಏನು ಬೇಯಬೇಕು ಎಂಬುದನ್ನು ಯಾವತ್ತೂ ಬೇರೆ ಯಾರೋ ಹೇಳುತ್ತಿದ್ದರು. "ತಮ್ಮಾ, ನನ್ನ ಯಾರೂ ಗುರ್ತು ಹಿಡೀದ ಜಾಗಾದಾಗ ಕುಂತು, ನನ್ನ ಮನಸಿಗೆ ಬಂದಿದ್ದು ಮಾಡಿ ಉಣಬೇಕು. ಒಂದ ಹೊತ್ತು ಸಾಕು," ಎಂದು ನನಗೊಬ್ಬನಿಗೇ ಹೇಳಿದ್ದಳು. ಹೊರಡುವ ಮೊದಲೇ ಆ ಒಲೆಯನ್ನು ದಿನಾ ಒರೆಸುತ್ತಿದ್ದಳು.

ಆದರೆ ನಮ್ಮ ಕಡೆಯ ರೀತಿ ನಿಮಗೆ ಗೊತ್ತಲ್ಲ. ಬೀಗರ ಊರು ಹಾದು ಹೋಗುವಾಗ ಅವರ ಮನೆಯಲ್ಲಿ ಉಣ್ಣದೆ ಹೋದರೆ ಮುಂದಿನ ಮೂರು ಮದುವೆಗಳಲ್ಲಿ ಅದೇ ಮಾತು. ಪಾರಾಗುವ ಉಪಾಯ ಒಂದೇ, ಯಾರಿಗೂ ಹೇಳದೆ ಹೋಗುವುದು. ಕಾಕಾ ಹಾರ್ನು ಕೂಡ ಬಾರಿಸದೆ ಊರು ಬಿಟ್ಟ.

ಶಿಗ್ಗಾಂವಿಯಲ್ಲಿ ಇನ್ನೇನು ಹೈವೇ ಹತ್ತಬೇಕು, ಚಿಗವ್ವನ ತಮ್ಮ ರಸ್ತೆಯ ನಡುವೆ ಎರಡೂ ಕೈ ಚಾಚಿ ನಿಂತಿದ್ದ. "ಹಂಗ ಹೊಂಟ್ರೇನ್ರಿ ಮಾವಾರ? ನಾವೇನ್ ಸತ್ತೇವೇನು?" ಇಳಿಯಲೇಬೇಕಾಯಿತು. ಮರುದಿನ ಸವಣೂರಿನಿಂದ ಸೋದರತ್ತೆಯ ಫೋನು. ಕಾಶ್ಮೀರಕ್ಕೆ ಹೊರಟವರು ಸವಣೂರಿಗೆ ಬರಲಾರಿರಾ ಎಂದು ಕಣ್ಣೀರು. ಅಲ್ಲಿ ಎರಡು ದಿನ ಹೋಳಿಗೆ, ಎದ್ದು ಬರುವಾಗ ಎಲೆ ಅಡಿಕೆ, ಒಂದು ಚೀಲ ಖಾರ. ಅಷ್ಟರಲ್ಲಿ ಹಿರೇಕೆರೂರಿನ ಬೀಗರು ಸಿಟ್ಟಾಗಿದ್ದಾರೆಂದು ಸುದ್ದಿ. ಉತ್ತರಕ್ಕೆ ಹೋಗಬೇಕಾದ ವ್ಯಾನು ದಕ್ಷಿಣಕ್ಕೆ ತಿರುಗಿತು. ನಾನು ನಕಾಶೆಯನ್ನು ತಲೆಕೆಳಗು ಮಾಡಿ ಹಿಡಿದು, "ಹಿಂಗ ನೋಡಿದ್ರ ದಾರಿ ಸರಿ ಐತಿ," ಅಂದೆ. ಕಾಕಾ ನಗಲಿಲ್ಲ. ಹಿರೇಕೆರೂರಿನಲ್ಲಿ ಅವನ ಹೊಟ್ಟೆ ಕೆಟ್ಟಿತು. ಆರನೆಯ ದಿನ ಹಾನಗಲ್ಲಿಗೆ ವಾಪಸು. ಭೂಗೋಳದ ಮಾಸ್ತರನ ಭಾರತ ಒಂದು ಜಿಲ್ಲೆಯೊಳಗೇ ಮುಗಿಯಿತು.

ಈಗ ಮಾನದ ಮಾತು. ಅವರಿಗೆಲ್ಲ ಸುದ್ದಿ ಕೊಟ್ಟವನು ನಾನೇ. ಕಾಕಾ, ಚಿಗವ್ವ ಇಬ್ಬರನ್ನು ಬಿಟ್ಟು ಸಂಬಂಧಿಕರೆಲ್ಲ ಇರುವ ವಾಟ್ಸಾಪ್ ಗುಂಪಿನಲ್ಲಿ, "ನಾವು ಬರಾಕತ್ತೇವಿ, ಗುಟ್ಟು, ಯಾರಿಗೂ ಹೇಳಬ್ಯಾಡ್ರಿ," ಎಂದು ಅಷ್ಟೂ ಜನರಿಗೆ ಬರೆದಿದ್ದೆ. ಪ್ರತಿ ಊರಿನಲ್ಲೂ ಬಾತ್‌ರೂಮಿಗೆ ಹೋಗುವ ನೆವದಲ್ಲಿ ಮುಂದಿನ ಊರಿಗೆ ಸುದ್ದಿ ಮುಟ್ಟಿಸುತ್ತಿದ್ದೆ. ಕಾರಣ ಕೇಳಿದರೆ ನಗುತ್ತೀರಿ. ಒಂದು, ಸೋದರತ್ತೆ ಮಾಡುವ ಬದನೆಕಾಯಿ ಎಣ್ಣೆಗಾಯಿ. ಇನ್ನೊಂದು, ಗೊತ್ತಿಲ್ಲದ ಊರಿನಲ್ಲಿ ಚೊಂಬು ಹಿಡಿದು ಹೊಲಕ್ಕೆ ಹೋಗುವ ಹೆದರಿಕೆ.

ಮನೆಗೆ ಬಂದ ದಿನ ಚಿಗವ್ವ, ಒಂದು ಸಲವೂ ಹೊತ್ತಿಸದ ಆ ಒಲೆಯನ್ನು ಮತ್ತೆ ಒರೆಸಿ, ಮೇಲೊಂದು ಅರಿವೆ ಮುಚ್ಚಿದಳು. ಸುದ್ದಿ ಕೊಟ್ಟವನು ನಾನೇ ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಹೋದ ತಿಂಗಳು ಕಾಕಾ ಮತ್ತೆ ವ್ಯಾನು ಹೊರತೆಗೆದ. ನಾನು ಚೀಲ ಹಿಡಿದು ಹತ್ತಲು ಹೋದರೆ ಚಿಗವ್ವ ಬಾಗಿಲಿಗೆ ಅಡ್ಡ ನಿಂತು ಕೈ ಚಾಚಿದಳು.

"ಫೋನ್ ತಾ ಇಲ್ಲಿ."

"ಯಾಕ ಚಿಗವ್ವ?"

"ಬಾತ್‌ರೂಮಿಗೆ ಹೋಗಾಕ ಫೋನ್ ಬೇಕಾಗೂದಿಲ್ಲ."

ನಾನು ಚೀಲ ಕೆಳಗಿಟ್ಟೆ. "ನಿನಗ ಯಾವಾಗ ಗೊತ್ತಾತು?"

"ಆವಾಗನ. ಮನಿಗೆ ಬಂದ ವಾರಕ್ಕ ನನ್ನ ತಮ್ಮ ತೋರ್ಸಿದ."

"ಮತ್ತ ಬೈಲಿಲ್ಲ?"

"ಬೈದಿದ್ರ ಅವತ್ತಿಗೇ ಮುಗೀತಿತ್ತು," ಎಂದು ಫೋನು ಬಂದ್ ಮಾಡಿಸಿ, ಹಿಟ್ಟಿನ ಡಬ್ಬಿಯಲ್ಲಿ ಹುಗಿದು, ಮೇಲೆ ಎರಡು ಬೊಗಸೆ ಹಿಟ್ಟು ಸುರಿದಳು. ಎಂಟು ವರ್ಷ ಈ ಹೆಂಗಸು ಎಲ್ಲ ಗೊತ್ತಿದ್ದೂ ನನಗೆ ತುಪ್ಪ ಹಾಕಿ ಬಡಿಸಿದ್ದಳು.

ಶಿಗ್ಗಾಂವಿ ಬಂತು, ಯಾರೂ ಅಡ್ಡ ನಿಲ್ಲಲಿಲ್ಲ. ಮರುದಿನ ಮಹಾರಾಷ್ಟ್ರದ ಗಡಿ ದಾಟಿ, ಒಂದು ಬೇವಿನ ಮರದ ಕೆಳಗೆ ನಿಂತೆವು. ಚಿಗವ್ವ ಒಲೆ ಹೊತ್ತಿಸಿದಳು. ಏನು ಮಾಡಲಿ ಎಂದು ಯಾರನ್ನೂ ಕೇಳಲಿಲ್ಲ. ಕಡಲೆಹಿಟ್ಟಿನ ಜುಣಕ ಮಾಡಿದಳು, ರೊಟ್ಟಿ ಬಡಿದಳು, ಕಾಲು ಚಾಚಿ ಕೂತು ಎಲ್ಲರಿಗಿಂತ ಮೊದಲು ತಾನು ಉಂಡಳು. ನಾವಿಬ್ಬರೂ ಕಾದೆವು. ಅಷ್ಟು ಖುಷಿಯಿಂದ ನಾನು ಯಾವತ್ತೂ ಹಸಿದುಕೊಂಡು ಕೂತಿರಲಿಲ್ಲ.

ಹುಲ್ಲಿನ ಹೊರೆ ಹೊತ್ತ ಒಬ್ಬಾಕೆ ಆ ದಾರಿಯಲ್ಲಿ ಬಂದು ನಿಂತಳು. ಹೀಗೆ ರಸ್ತೆಯ ಮೇಲೆ ಯಾಕೆ ಉಣ್ಣುತ್ತೀರಿ, ನಮ್ಮ ಮನೆಗೆ ಬನ್ನಿ ಎಂದು ಮರಾಠಿಯಲ್ಲಿ ಕರೆದಳು. ನಾನೂ ಕಾಕಾನೂ ಮುಖ ಮುಖ ನೋಡಿಕೊಂಡೆವು. ಚಿಗವ್ವ ಕೈ ಒರೆಸಿಕೊಂಡು ವ್ಯಾನಿನ ಬಾಗಿಲು ತಟ್ಟಿದಳು. "ನಮ್ಮ ಮನಿ ಇದ ಐತ್ರಿ. ನೀವ ಬರ್ರಿ, ಕುಂದರ್ರಿ, ಒಂದು ರೊಟ್ಟಿ ತಿಂದ ಹೋಗ್ರಿ. ಹಂಗ ಹೋಗಬಾರ್ದು."

ಆಕೆ ಹೊರೆ ಇಳಿಸಿ ಕೂತಳು. ನನ್ನ ಪಾಲಿನ ರೊಟ್ಟಿ ಆಕೆಗೆ ಹೋಯಿತು.

ಈಗ ಊರಿಗೆ ಬಂದಿದ್ದೇವೆ. ಸವಣೂರಿನ ಸೋದರತ್ತೆ ನಿನ್ನೆ ಫೋನು ಮಾಡಿದ್ದರು. "ಎಲ್ಲಿ ಹೋಗಿದ್ರೋ? ಮತ್ತ ಯಾವಾಗ ಹೋಗ್ತೀರಿ?" ಎಂದು ಸ್ಪಷ್ಟವಾಗಿಯೇ ಕೇಳಿಸಿತು.

"ಫೋನಿನ್ಯಾಗ ಹಿಟ್ಟು ಹೊಕ್ಕೈತ್ರಿ ಅತ್ತಿ," ಅಂದೆ. "ಏನೂ ಕೇಳ್ಸವಲ್ದು."