ದೇವರ ಮೇಲೆ ಇನ್ನಾಸಣ್ಣನ ಮುಷ್ಕರ

ಪ್ರತಿ ಭಾನುವಾರ ಇನ್ನಾಸಣ್ಣ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು, ಹೆಂಡತಿ ಜ್ಞಾನಮ್ಮನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಚರ್ಚಿಗೆ ಹೋಗುತ್ತಿದ್ದರು. ಆಕೆ ಒಳಗೆ ಹೋದರೆ ಇವರು ಕಾಂಪೌಂಡು ಗೋಡೆಯ ಮೇಲೆ, ಚರ್ಚಿಗೆ ಬೆನ್ನು ಹಾಕಿ ಕೂತು, ಪೂಜೆ ಮುಗಿಯುವವರೆಗೆ ಬೀಡಿ ಸೇದುತ್ತಿದ್ದರು. ಕೇಳಿದರೆ, "ನಾನೂ ಆತನೂ ಮಾತು ಬಿಟ್ಟಿದೀವಿ" ಎನ್ನುತ್ತಿದ್ದರು. ಆತ ಎಂದರೆ ದೇವರು. ಒಳಗೆ ಗಂಟೆ ಬಾರಿಸಿದಾಗ ಮಾತ್ರ, "ಮಾತು ಬೇರೆ, ಮರ್ಯಾದೆ ಬೇರೆ" ಎಂದು ಬೀಡಿಯನ್ನು ಬೆನ್ನ ಹಿಂದೆ ಬಚ್ಚಿಡುತ್ತಿದ್ದರು. ಬೆನ್ನ ಹಿಂದೆ ಎಂದರೆ ಸರಿಯಾಗಿ ದೇವರ ಮುಂದೆ ಎನ್ನುವುದು ಅವರಿಗೆ ಹೊಳೆದಿರಲಿಲ್ಲ.

ಎಂಬತ್ತರ ದಶಕದ ಆರಂಭ. ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಅವರು ಲೇತ್ ನಡೆಸುತ್ತಿದ್ದರು. ನಾನು ಪಕ್ಕದ ಡ್ರಿಲ್ಲಿಂಗ್ ಮಷೀನಿನಲ್ಲಿದ್ದೆ, ಜೊತೆಗೆ ಕಾರ್ಮಿಕ ಸಂಘದ ಕಾರ್ಯದರ್ಶಿ. ಅವರ ಜಗಳದ ಮೂಲ ಮಳೆ. ದೊಡ್ಡ ಮಗಳ ಮದುವೆಯ ದಿನ ಮಳೆ ಬರಬಾರದು ಎಂದು ಮೊಣಕಾಲೂರಿ ಬೇಡಿಕೊಂಡಿದ್ದರಂತೆ. ಊಟದ ಹೊತ್ತಿಗೆ ಸರಿಯಾಗಿ ಸುರಿದು, ಚಪ್ಪರ ಬೀಗರ ತಲೆಯ ಮೇಲೆ ಕುಸಿದು, ಬಿರಿಯಾನಿ ಗಂಜಿಯಾಯಿತು.

"ರಾಜಾಜಿನಗರದಲ್ಲಿ ಒಂದು ಹನಿ ಬಿದ್ದಿರ್ಲಿಲ್ಲ ಗುರು. ನಮ್ ಚಪ್ಪರನೇ ಹುಡುಕ್ಕೊಂಡು ಬಂತು."

ನಮ್ಮಲ್ಲಿ ಒಬ್ಬ ದೇವರ ಮೇಲೆ ಮುನಿಸಾದರೆ ಪಕ್ಕದ ಬೀದಿಯ ದೇವರ ಹತ್ತಿರ ಹೋಗಬಹುದು. ಪಾಪ, ಇನ್ನಾಸಣ್ಣನಿಗೆ ಆ ಅನುಕೂಲವಿರಲಿಲ್ಲ.

ಹೀಗೇ ವರ್ಷಗಳು ಕಳೆದು ಕಿರಿಯ ಮಗಳು ಫಿಲೋಮಿನಾಳ ಮದುವೆ ಗೊತ್ತಾಯಿತು. ಹೆಣ್ಣನ್ನು ಅಪ್ಪನೇ ಕೈಹಿಡಿದು ಚರ್ಚಿನೊಳಗೆ ಪೀಠದವರೆಗೆ ನಡೆಸಿಕೊಂಡು ಹೋಗಬೇಕು. "ಅಪ್ಪ ಒಳಗೆ ಬರ್ದಿದ್ರೆ ನಂಗೆ ಮದ್ವೇನೇ ಬೇಡ" ಎಂದು ಹುಡುಗಿ ಖಡಾಖಂಡಿತವಾಗಿ ಹೇಳಿಬಿಟ್ಟಳು. ಇನ್ನಾಸಣ್ಣನಿಗೆ ಅವಳೆಂದರೆ ಪ್ರಾಣ. ಲೇತ್ ಮುಂದೆ ಮಂಕಾಗಿ ನಿಂತಿರುತ್ತಿದ್ದ ಮನುಷ್ಯ ಒಂದು ಮಧ್ಯಾಹ್ನ ನನ್ನ ಹತ್ತಿರ ಬಂದರು.

"ರಾಜಿ ಮಾಡ್ಕೋಬೇಕು ಗುರು. ನೀನೂ ಬಾ. ಮಾತುಕತೆಗೆ ಒಬ್ನೇ ಹೋಗ್ಬಾರ್ದು ಅಂತ ನೀನೇ ಅಲ್ವಾ ಮೀಟಿಂಗಲ್ಲಿ ಹೇಳೋದು?"

"ನಾನು ಕ್ರೈಸ್ತ ಅಲ್ವಲ್ಲಣ್ಣ."

"ಅದೇ ಒಳ್ಳೇದು. ನಿಂಗೆ ಆತನ ಭಯ ಇರಲ್ಲ."

ಶನಿವಾರ ಸಂಜೆ ಚರ್ಚಿನಲ್ಲಿ, ಪಾದ್ರಿಗಳು ಕೂತು ತಪ್ಪೊಪ್ಪಿಗೆ ಕೇಳುವ ಪಾಪನಿವೇದನೆಯ ಗೂಡಿನ ಮುಂದೆ ಅವರು ಮೊಣಕಾಲೂರಿದರು. ನಾನು ಪಕ್ಕದಲ್ಲಿ ಕೈಕಟ್ಟಿ ನಿಂತೆ. ಜಾಲರಿಯ ಹಿಂದಿನಿಂದ ವಯಸ್ಸಾದ ಪಾದ್ರಿಗಳು, "ಅದ್ಯಾರು ಇನ್ನೊಬ್ರು?" ಎಂದರು.

"ಯೂನಿಯನ್ ಸೆಕ್ರೆಟ್ರಿ ಸ್ವಾಮಿ. ನನ್ ಕಡೆಯೋರು."

ಒಳಗಿನಿಂದ ಕೆಮ್ಮು ಕೇಳಿಸಿತು. ನಗುವೂ ಇರಬಹುದು. ಇನ್ನಾಸಣ್ಣ ಬೇಡಿಕೆ ಮುಂದಿಟ್ಟರು. "ಮದ್ವೆ ದಿನ ಮಳೆ ಬರ್ಬಾರ್ದು. ಆತ ಒಪ್ಪಿದ್ರೆ ನಾಳೆಯಿಂದ್ಲೇ ಪೂಜೆಗೆ ಬರ್ತೀನಿ."

"ಇನ್ನಾಸಪ್ಪ, ಆತ ಲಾಕೌಟ್ ಮಾಡೇ ಇಲ್ವಲ್ಲಯ್ಯ. ಗೇಟು ತೆಗ್ದೇ ಇದೆ. ಆತನ ಮಗ ಶಿಲುಬೆ ಮೇಲೆ ರಾಜಿಗೆ ರುಜು ಹಾಕಿ ಎಷ್ಟೋ ಕಾಲ ಆಯ್ತು. ಸ್ಟ್ರೈಕ್ ಮಾಡ್ತಿರೋನು ನೀನೊಬ್ನೇ."

ಇನ್ನಾಸಣ್ಣ ನನ್ನ ಮುಖ ನೋಡಿದರು. ಇಂಥ ಮ್ಯಾನೇಜ್‌ಮೆಂಟನ್ನು ನಾನೂ ಕಂಡಿರಲಿಲ್ಲ. "ಇಷ್ಟು ವರ್ಷದ ಗೈರುಹಾಜರಿಗೆ ಏನು ಮಾಡ್ತಾರಂತೆ ಕೇಳಿ" ಎಂದು ಪಿಸುಗುಟ್ಟಿದೆ. ಅವರು ಕೇಳಿದರು.

"ಒಂದು ಪ್ರಾರ್ಥನೆ ಹೇಳು, ಸಾಕು. ನೀನು ಬರ್ಲಿ ಅಂತ ಕಾಯ್ತಿದ್ದ, ಅಷ್ಟೇ."

ಇನ್ನಾಸಣ್ಣ ಹಣೆಯನ್ನು ಆ ಮರದ ಗೂಡಿಗೆ ಒತ್ತಿ ಮಗುವಿನಂತೆ ಅಳತೊಡಗಿದರು. ಕಾರ್ಯದರ್ಶಿಗೆ ಅಲ್ಲಿ ಕೆಲಸವಿರಲಿಲ್ಲ. ನಾನು ಹೊರಗೆ ಬಂದು ಕೂತೆ. ನನ್ನ ಕಣ್ಣೂ ಒದ್ದೆಯಾಗಿತ್ತು.

ಮದುವೆಯ ದಿನ ಮಳೆ ಬಂತು. ಅಂತಿಂಥ ಮಳೆಯಲ್ಲ, ಬಾಗಿಲ ಬಳಿ ನಿಂತ ಬ್ಯಾಂಡಿನವರ ತಮಟೆಯಲ್ಲೂ ನೀರು ನಿಂತಿತು. ಇನ್ನಾಸಣ್ಣ ತಲೆಯೆತ್ತಿ ಆಕಾಶವನ್ನು ದುರುಗುಟ್ಟಿಕೊಂಡು ನೋಡಿದರು. ಈಗ ತಿರುಗಿ ಹೊರಟೇಬಿಡುತ್ತಾರೆ ಎಂದುಕೊಂಡೆ. ಅವರು ಮಗಳ ಕೈ ಹಿಡಿದು ಒಳಗೆ ನಡೆದರು. ಪೀಠದವರೆಗೂ ಅವರ ಬೂಟು ಪಿಚಕ್ ಪಿಚಕ್ ಎನ್ನುತ್ತಿತ್ತು.

ಕೊನೆಯ ಸಲ ನಾನು ಅವರನ್ನು ನೋಡಿದ್ದು ಆಸ್ಪತ್ರೆಯಲ್ಲಿ. ಮಾತಾಡಿದರೆ ಏದುಸಿರು ಬರುತ್ತಿತ್ತು. ಏನಾದರೂ ಹೇಳಿ ನಗಿಸೋಣವೆಂದು, "ಆತನ ಜೊತೆ ಈಗ ಹೆಂಗಿದೀರಣ್ಣ?" ಎಂದೆ.

"ಚೆನ್ನಾಗಿದೀವಿ ಗುರು, ದಿನಾ ಮಾತಾಡ್ತೀವಿ." ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಮತ್ತೆ ಹೇಳಿದರು. "ಮೊನ್ನೆ ಆ ಮಳೆ ವಿಷ್ಯ ಬಂತು. ಹೋಗ್ಲಿ ಬಿಡಪ್ಪ, ಆಗಿದ್ದು ಆಯ್ತು, ನಾನೇನೂ ಮನ್ಸಲ್ಲಿ ಇಟ್ಕೊಂಡಿಲ್ಲ ಅಂದೆ."