ಸೊಪ್ಪಿನ ಮಡಿಯ ಪೀರಿಯಡ್ಡು

ಬೋಟ್ಸ್ವಾನಾದ ಲೆಫನೆಂಗ್ ಶಾಲೆಯ ಪಾಲಕ್ ಸೊಪ್ಪಿಗೆ ಊರಲ್ಲೆಲ್ಲ ಹೆಸರು. ಬರದೆ ಏನು? ಮಿಕ್ಕ ಮಕ್ಕಳು ಸೆಟ್ಸ್ವಾನಾ ಕಲಿಯುವ ಹೊತ್ತಿನಲ್ಲಿ ಕಿವಿ ಕೇಳದ ನಾಲ್ವರು ದಿನವೂ ಮಡಿಗೆ ನೀರು ಹೊಯ್ಯುತ್ತಿದ್ದರು. ಕಿವುಡ ಮಕ್ಕಳಿಗೆ ನಾಡಭಾಷೆಯಿಂದ ರಿಯಾಯಿತಿ. ಇಂಗ್ಲಿಷೂ ಸನ್ನೆ ಭಾಷೆಯೂ ಸಾಕು ಎಂದು ದೊಡ್ಡವರು ಕನಿಕರದಿಂದಲೇ ತೀರ್ಮಾನಿಸಿದ್ದರು. ಕನಿಕರ ಹಾಕಿದರೆ ಸೊಪ್ಪು ಇಷ್ಟು ಹುಲುಸಾಗಿ ಬರುತ್ತದೆಂದು ಯಾರಿಗೆ ಗೊತ್ತಿತ್ತು!

ಅವರನ್ನು ಮಡಿಗೆ ಕರೆದೊಯ್ಯುತ್ತಿದ್ದವಳು ಶಾಲೆಯ ಸಹಾಯಕಿ ಸೆಮಕಲೆಂಗ್. ಅವಳಿಗೂ ಕಿವಿ ಕೇಳದು, ಅವಳೂ ಇದೇ ರಿಯಾಯಿತಿಯಲ್ಲಿ ಬೆಳೆದವಳು. ಹಾಸ್ಟೆಲಿನಲ್ಲಿದ್ದಾಗ ಅಜ್ಜಿ ಅವಳಿಗೆ ಒಂಬತ್ತು ಕಾಗದ ಬರೆದಿದ್ದಳು. ಅಜ್ಜಿಗೆ ಸೆಟ್ಸ್ವಾನಾ ಬಿಟ್ಟು ಬೇರೆ ಬಾರದು. ವಾರ್ಡನ್ ಕಾಗದದ ಮೇಲೆ ಕಣ್ಣಾಡಿಸಿ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದುಕೊಡುತ್ತಿದ್ದಳು: ಅಜ್ಜಿ ಚೆನ್ನಾಗಿದ್ದಾರೆ, ನೀನು ಜಾಣೆಯಾಗಿರು. ಒಂಬತ್ತಕ್ಕೂ ಅದೇ ಸಾಲು. ಆಮೇಲೆ ಅಜ್ಜಿ ತೀರಿಕೊಂಡಳು, ಕಾಗದಗಳು ಬಿಸ್ಕತ್ತಿನ ಡಬ್ಬಿ ಸೇರಿದವು. ಎರಡೆರಡು ಪುಟದಲ್ಲಿ ಅಷ್ಟೇ ಇರಲಾರದು ಎಂಬ ಸಿಟ್ಟು ಮಾತ್ರ ಇಪ್ಪತ್ತು ವರ್ಷವಾದರೂ ಆರಿರಲಿಲ್ಲ.

ಒಂದು ಸೋಮವಾರ, ನಾಲ್ವರಲ್ಲಿ ಒಬ್ಬಳಾದ ಟೆಬಾಟ್ಸೊ ಮಡಿಯ ಹತ್ತಿರ ಒಂದು ಚೀಟಿ ಚಾಚಿದಳು. ತನ್ನ ಅಜ್ಜಿ ಸೆಟ್ಸ್ವಾನಾದಲ್ಲಿ ಬರೆದದ್ದು, ಓದಿ ಹೇಳು ಎಂದು ಸನ್ನೆ ಮಾಡಿದಳು. ಸೆಮಕಲೆಂಗ್ ನೀರಿನ ಡಬ್ಬ ಕೆಳಗಿಟ್ಟಳು. ನಾಲ್ವರನ್ನೂ ಕರೆದುಕೊಂಡು ನೇರ ಸೆಟ್ಸ್ವಾನಾ ತರಗತಿಗೆ ಹೋಗಿ ಮುಂದಿನ ಬೆಂಚಿನಲ್ಲಿ ಕೂತಳು.

ಹೆಡ್‌ಮೇಡಂ ಟ್ಶೆಕೊ ಬಂದು ಒಂದು ಹಾಳೆಯ ಮೇಲೆ ಇಂಗ್ಲಿಷಿನಲ್ಲಿ ಬರೆದರು. “ನಿನಗೇ ಬಾರದ ಭಾಷೆ, ಇವರಿಗೇನು ಹೇಳಿಕೊಡ್ತೀಯಮ್ಮಾ?”

ಅದರ ಕೆಳಗೇ ಸೆಮಕಲೆಂಗ್ ಬರೆದಳು. “ಹೇಳಿಕೊಡಕ್ಕಲ್ಲ, ನಾನೂ ಕಲಿಯಕ್ಕೇ ಬಂದಿದೀನಿ. ಬೋಟ್ಸ್ವಾನಾದಲ್ಲಿ ಹುಟ್ಟಿದೋರಿಗೆ ಸೆಟ್ಸ್ವಾನಾ ಬೇಡ್ವಾ ಮೇಡಂ?”

ಹೆಡ್‌ಮೇಡಂ ಕೆಟ್ಟವರಲ್ಲ, ಹಟದವರು. ಟರ್ಮ್ ಮುಗಿಯುವವರೆಗೆ ಕೂತಿರಲಿ, ಪರೀಕ್ಷೆಯಲ್ಲಿ ಐವರಲ್ಲಿ ಒಬ್ಬರು ಫೇಲಾದರೂ ಎಲ್ಲರೂ ಮಡಿಗೆ ವಾಪಸ್ಸು ಎಂದು ಬರೆದರು.

ಮೊದಲ ತಿಂಗಳು ನೀರಿನಲ್ಲಿ ಹೋಮ ಮಾಡಿದಂತಾಯಿತು. ಮೊಡುಕನೆಲೆ ಮೇಷ್ಟ್ರು ಬೋರ್ಡಿಗೆ ಮುಖ ಮಾಡಿ ಪಾಠ ಒಪ್ಪಿಸುತ್ತಿದ್ದರು. ಬೋರ್ಡು ಬೇಕಾದರೆ ಪಾಸಾಗುತ್ತಿತ್ತು. ಕಿರುಪರೀಕ್ಷೆಯಲ್ಲಿ ಐವರೂ ಮುಗ್ಗರಿಸಿದರು. ಸೆಮಕಲೆಂಗಳ ಅಂಕ ಎಲ್ಲರಿಗಿಂತ ಕಡಿಮೆ. ನಾಚಿಕೆಯಾಯಿತು, ಆದರೂ ಮಾರನೆಯ ದಿನ ಬೆಂಚು ಬಿಡಲಿಲ್ಲ.

ದನಗಳ ಪಾಠ ಬಂದ ದಿನ ಮೇಷ್ಟ್ರು ಚಿತ್ರಗಳನ್ನು ತಂದು ನೇತುಹಾಕಿದರು. ಟೆಬಾಟ್ಸೊ ದೊಡ್ಡಿಯಲ್ಲೇ ಬೆಳೆದವಳು. ಅವರು ಬಾಯಿ ತೆರೆಯುವ ಮುನ್ನ ಅವಳ ಕೈ ಎದ್ದಿತ್ತು. ಹಣೆಯ ಮೇಲೆ ಬೆರಳೆಳೆದಳು, ಅದು ಹಣೆಬಿಳಿ ಹಸು. ಪಕ್ಕೆಗಳನ್ನು ತಟ್ಟಿ ತಟ್ಟಿ ತೋರಿಸಿದಳು, ಅದು ಕಪ್ಪುಬಿಳಿ ಪಟ್ಟೆಯದು. ಒಂದೊಂದು ಮೈಬಣ್ಣಕ್ಕೂ ಒಂದೊಂದು ಸನ್ನೆ, ಹನ್ನೊಂದು ಚಿತ್ರಕ್ಕೆ ಹನ್ನೊಂದು. ಇಂಗ್ಲಿಷ್ ತರಗತಿಯಲ್ಲಿ ಇವಕ್ಕೆಲ್ಲ ಹೆಸರೇ ಇರಲಿಲ್ಲ. ಮೇಷ್ಟ್ರ ಮನೆಯಲ್ಲೂ ಇಪ್ಪತ್ತು ದನ. ಅವರು ಸೀಮೆಸುಣ್ಣ ಹಿಡಿದು ಪ್ರತಿ ಸನ್ನೆಗೂ ಒಂದು ಪದ ಬರೆಯುತ್ತ ಹೋದರು: ಟ್ಶುಮು, ಫಟ್ಶ್ವಾ...

“ಈ ಹುಡುಗಿ ಇಷ್ಟು ದಿನ ಸೆಟ್ಸ್ವಾನಾನೇ ಕೈಯಲ್ಲಿ ಆಡ್ತಿದ್ಲು. ಕಣ್ಣಿದ್ದೂ ಕುರುಡಾದೆ ನಾನು” ಎಂದು ತರಗತಿಗೆಲ್ಲ ಹೇಳಿದರು. ಅಂದಿನಿಂದ ಅವರ ಮುಖ ಮಕ್ಕಳ ಕಡೆ ತಿರುಗಿತು. ಮೊದಲು ಸನ್ನೆ, ಆಮೇಲೆ ಬರಹ. ಊಟದ ಬಿಡುವಿನಲ್ಲಿ ಟೆಬಾಟ್ಸೊ ಸೆಮಕಲೆಂಗಳಿಗೆ ಪದ ಕೊಟ್ಟು ಬರೆಸುತ್ತಿದ್ದಳು, ತಪ್ಪಿದರೆ ಕಣ್ಣು ಬಿಟ್ಟು ಗದರುತ್ತಿದ್ದಳು.

ಮಕ್ಕಳು ಸಲೀಸಾಗಿ ಪಾಸಾದರು, ಅಜ್ಜಿಯ ಚೀಟಿಯನ್ನು ಟೆಬಾಟ್ಸೊ ತಾನೇ ಓದಿಕೊಂಡಳು. ಸೆಮಕಲೆಂಗ್ ಒಂದೇ ಒಂದು ಅಂಕದಲ್ಲಿ ದಡ ಸೇರಿದಳು. ಹೆಡ್‌ಮೇಡಂ ಪಟ್ಟಿಯನ್ನು ಎರಡು ಸಲ ನೋಡಿ, ಇನ್ನು ಮಡಿಗೆ ನೀರು ಯಾರು ಹೊಯ್ತಾರೆ ಎಂದು ಬರೆದರು. ಎಲ್ಲ ತರಗತಿಯವರೂ ಸರದಿ ಪ್ರಕಾರ ಎಂದು ಇವಳು ಬರೆದಳು, ಈ ಸಲ ಸೆಟ್ಸ್ವಾನಾದಲ್ಲಿ.

ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಕೂತು ಬಿಸ್ಕತ್ತಿನ ಡಬ್ಬಿ ತೆಗೆದಳು. ಮೂರನೆಯ ಕಾಗದದಲ್ಲಿ ಪರಿಚಯದ ಪದವೊಂದು ಸಿಕ್ಕಿತು, ಟ್ಶುಮು. ಅಲ್ಲಿಂದ ಒಂದೊಂದೇ ಪದ ಕೂಡಿಸಿ ಓದಿದಳು. ‘ನನ್ನ ಹಣೆಬಿಳಿ ಹಸು ಕರು ಹಾಕಿದೆ. ಅದು ನಿನ್ನದು. ಏನು ಹೆಸರಿಡಲಿ?’ ನಾಲ್ಕನೆಯದರಲ್ಲಿ ಮತ್ತೆ ಅದೇ ಪ್ರಶ್ನೆ. ಒಂಬತ್ತನೆಯದರಲ್ಲಿ, ‘ನೀನು ಹೇಳುವ ತನಕ ಯಾರೂ ಹೆಸರಿಡಕೂಡದೆಂದು ನಿನ್ನ ಮಾಮನಿಗೆ ಹೇಳಿದ್ದೇನೆ.’

ಸೆಮಕಲೆಂಗ್ ಅತ್ತಳು. ಅತ್ತು ಮುಗಿದ ಮೇಲೆ ದೊಡ್ಡಿಯಲ್ಲಿದ್ದ ಮಾಮನಿಗೆ ಸೆಟ್ಸ್ವಾನಾದಲ್ಲಿ ತನ್ನ ಮೊದಲ ಕಾಗದ ಬರೆದಳು. ಆ ಕರುವಿನ ಸಂತಾನ ಇನ್ನೂ ಇದ್ದರೆ, ಮುಂದೆ ಹುಟ್ಟುವುದಕ್ಕೆ ಕರಾಬೊ ಎಂದು ಹೆಸರಿಡಿ ಮಾಮಾ, ಎಂದು. ಕರಾಬೊ ಎಂದರೆ ಉತ್ತರ.

ಅಂಚೆಗೆ ಹಾಕುವ ಮುನ್ನ ಟೆಬಾಟ್ಸೊಗೆ ತೋರಿಸಿದಳು. ಹುಡುಗಿ ಎರಡು ತಪ್ಪು ತಿದ್ದಿದಳು, ಹೆಸರನ್ನು ಮುಟ್ಟಲಿಲ್ಲ.