ಕಂತೆಯೊಳಗಿನ ಕಣಗಿಲೆ

ತೊಂಬತ್ತರ ದಶಕದಲ್ಲಿ ನಾನು ಲಾರೆನ್ಸ್‌ವಿಲ್‌ನಲ್ಲಿದ್ದೆ. ವಾರವಿಡೀ ಅಟ್ಲಾಂಟಾದ ಲ್ಯಾಬೊಂದರಲ್ಲಿ ಕೆಲಸ. ಶನಿವಾರ ಮಾತ್ರ ಒಂದೂವರೆ ಗಂಟೆ ಡ್ರೈವ್ ಮಾಡಿ, ದಕ್ಷಿಣ ಕೆರೊಲಿನಾ ಗಡಿಯಾಚೆಯ ತಳಿರಕ್ಷಣಾ ಕೇಂದ್ರವೊಂದಕ್ಕೆ ಸೊಪ್ಪು ಒಯ್ಯುತ್ತಿದ್ದೆ. ಅಲ್ಲಿ ಬಸುರಿಯಾದ ಒಂದು ಕಪ್ಪು ಘೇಂಡಾಮೃಗವಿತ್ತು. ಕೊಂಬಿನ ಆಸೆಗೆ ಆಫ್ರಿಕಾದಲ್ಲಿ ಇವುಗಳನ್ನು ಕೊಂದು ಕೊಂದು, ಕೆಲವೇ ಉಳಿದಿದ್ದವು. ಹಾಗಾಗಿ ಕೇಂದ್ರದಲ್ಲಿ ಒಂದು ಮರಿ ಹುಟ್ಟುವುದೂ ದೊಡ್ಡ ಸಂಗತಿ. ಒಣಹುಲ್ಲಿನ ಜೊತೆ ದಿನಾ ಹಸಿ ಕೊಂಬೆಗಳೂ ತಾಯಿಗೆ ಬೇಕಿದ್ದವು.

ನಮ್ಮ ಬೀದಿಯಲ್ಲಿ ಮೈಸೂರಿನ ಒಬ್ಬ ಆಂಟಿ ಇದ್ದರು. ಅವರ ಹಿತ್ತಲಲ್ಲಿ ಎರಡು ಹಿಪ್ಪುನೇರಳೆ ಮರ. ಗಣಪತಿ ವಿಸರ್ಜನೆಯ ಮರುದಿನ, ಶನಿವಾರ, ನಾನು ಕೊಂಬೆ ಕಡಿದು ಹಾಕಿದೆ, ಅವರು ಕಂತೆ ಕಟ್ಟಿದರು. ನಾನು ಕೈ ತೊಳೆದು ಬರುವಷ್ಟರಲ್ಲಿ ಎಲ್ಲವೂ ವ್ಯಾನಿನಲ್ಲಿತ್ತು. "ತಲುಪಿದ ತಕ್ಷಣ ಫೋನ್ ಮಾಡು," ಎಂದರು, ಎಂದಿನಂತೆ.

ಕೇಂದ್ರದಲ್ಲಿ ಒಂದು ನಿಯಮವಿತ್ತು: ತಂದವರೇ ಕಂತೆ ಬಿಚ್ಚಿ ಪ್ರತಿ ಕೊಂಬೆ ನೋಡಬೇಕು. ಅಂದು ವಿಪರೀತ ಸೆಕೆ, ನನಗೆ ತಡವೂ ಆಗಿತ್ತು. ಪ್ರಾಣಿಯನ್ನು ನೋಡಿಕೊಳ್ಳುತ್ತಿದ್ದ ಹೆಂಗಸು, "ಎಲ್ಲ ನೋಡಿದ್ದೀಯಾ?" ಎಂದು ಕೇಳಿದಳು. ಹೂಂ ಎಂದೆ. ಅವಳು ಒಂದು ಕಂತೆಯನ್ನು ಬೇಲಿಯೊಳಗೆ ನೇತುಹಾಕಿದಳು.

ನಾನು ಕೇಂದ್ರದ ಆಫೀಸಿನಿಂದ ಆಂಟಿಗೆ ಫೋನ್ ಮಾಡಿದೆ.

"ತಲುಪಿದ್ಯಾ? ನಿಮ್ಮ ಬಸುರಿ ತಿಂತಿದ್ದಾಳಾ?"

"ಹೂಂ ಆಂಟಿ, ಈಗ ಹಾಕಿದ್ರು."

"ತಿನ್ನಲಿ ಪಾಪ. ಗಣಪತಿ ಪತ್ರೆನೂ ಒಂದು ಕಂತೆ ಮಧ್ಯೆ ಸೇರಿಸಿದ್ದೆ ಕಣೆ. ನಿರ್ಮಾಲ್ಯ ಟ್ರ್ಯಾಶ್‌ಗೆ ಹಾಕಕ್ಕೆ ಮನಸ್ಸೇ ಬರ್ಲಿಲ್ಲ. ಊರಲ್ಲಾದ್ರೆ ಹಸುಗೆ ಕೊಡ್ತಿದ್ವಿ. ಈ ಸಬ್‌ಡಿವಿಷನ್ ಮನೆಗಳ ಮಧ್ಯೆ ಹಸು ಎಲ್ಲಿಂದ ತರ್ಲಿ?"

"ಪತ್ರೆಲಿ ಕಣಗಿಲೆ ಇತ್ತಾ ಆಂಟಿ?"

"ಇಲ್ದೆ ಇರತ್ತಾ? ಇಪ್ಪತ್ತೊಂದು ಪತ್ರೆಲಿ ಅದೂ ಒಂದಲ್ವಾ. ಸನ್‌ರೂಮ್ ಕುಂಡದ್ದೇ ಕಿತ್ತೆ."

"ಎಷ್ಟು ಎಲೆ?"

"ಎಷ್ಟು ಅಂದ್ರೆ... ಒಂದು ಹಿಡಿ ಇರ್ಬೋದು. ಯಾಕೆ? ಏನಾಯ್ತು?"

ಫೋನು ಇಡದೆಯೇ ಓಡಿದೆ. ಕಣಗಿಲೆ ತಿಂದ ದನ ಹೃದಯ ನಿಂತು ಸಾಯುವುದನ್ನು ಕಾಲೇಜಿನಲ್ಲಿ ಓದಿದ್ದೆ. ಘೇಂಡಾಮೃಗದ ಮೇಲ್ದುಟಿ ಬೆರಳಿನ ಹಾಗೆ ಬಾಗಿ ಕೊಂಬೆಯೊಂದನ್ನು ಹಿಡಿದೆಳೆಯುತ್ತಿತ್ತು. "ವಿಷ ಇದೆ, ನಾನು ನೋಡಿರಲಿಲ್ಲ," ಎಂದೆ. ಆ ಹೆಂಗಸು ಸೇಬಿನ ಬಕೆಟ್ ತಟ್ಟುತ್ತ ಪಕ್ಕದ ಆವರಣದಿಂದ ಅದನ್ನು ಕರೆದಳು. ಅದು ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದು, ಆಮೇಲೆ ಹೊರಟಿತು.

ನಾವು ಮಂಡಿಯೂರಿ ಹುಲ್ಲೆಲ್ಲ ಕೆದಕಿದೆವು. ಕುಂಕುಮ ಮೆತ್ತಿದ ಗರಿಕೆ, ಬಾಡಿದ ಚೆಂಡುಹೂ ಸಿಕ್ಕವು. ಕಣಗಿಲೆಯ ಉದ್ದನೆಯ ಎಲೆಗಳು ಒಂಬತ್ತು ಸಿಕ್ಕವು, ಹತ್ತನೆಯದು ಅರ್ಧ ಮಾತ್ರ. ಹರಿದ ಅಂಚು ಒದ್ದೆಯಾಗಿತ್ತು. ಹಿಡಿ ಎಂದರೆ ಹತ್ತೋ ಇಪ್ಪತ್ತೋ ಯಾರಿಗೆ ಗೊತ್ತು?

ಪಶುವೈದ್ಯರು ಬಂದು, ವಿಷ ಹೀರಲೆಂದು ಬಾಳೆಹಣ್ಣಿನಲ್ಲಿ ಇದ್ದಿಲ ಪುಡಿ ಕಲಸಿ ತಿನ್ನಿಸಿದರು. ಗಂಟೆಗೊಮ್ಮೆ ಎದೆಬಡಿತ ಕೇಳಿದರು. ಪ್ರತಿ ಸಲವೂ ನಾನು ಅವರ ಮುಖ ನೋಡುತ್ತಿದ್ದೆ. ಸಂಜೆ ಆ ಹೆಂಗಸು ನನ್ನನ್ನು ಮನೆಗೆ ಕಳಿಸಿದಳು. ಭಾನುವಾರ ಮಧ್ಯಾಹ್ನ ಅವಳೇ ಫೋನ್ ಮಾಡಿದಳು: "ತಾಯಿ ಚೆನ್ನಾಗಿದ್ದಾಳೆ. ಹೊಟ್ಟೆಯೊಳಗಿನದರ ಬಗ್ಗೆ ಈಗ ಏನೂ ಹೇಳಲಾರೆವು. ಇನ್ನು ನೀನು ಸೊಪ್ಪು ತರುವುದು ಬೇಡ."

ಆಂಟಿಗೆ ಹೇಳಿದೆ. ಅವರು, "ನಾನು ಕೊಂದುಬಿಡ್ತಿದ್ದೆ," ಎಂದರು. "ಬಿಚ್ಚಿ ನೋಡ್ಬೇಕಾಗಿದ್ದೋಳು ನಾನು ಆಂಟಿ," ಎಂದೆ. ಅವರು ಒಪ್ಪಿದಂತೆ ಕಾಣಲಿಲ್ಲ.

ಏಳು ತಿಂಗಳು, ಪ್ರತಿ ಶನಿವಾರ ಫೋನ್ ಮಾಡಿ ವಿಚಾರಿಸಿದೆ. ಕೊನೆಗೆ ಒಂದು ದಿನ ಆ ಹೆಂಗಸು, "ಹುಟ್ಟಿತು," ಎಂದಳು.

"ಎದ್ದು ನಿಂತಿದೆಯಾ?"

"ನಿಂತಿದೆ. ಹಾಲೂ ಕುಡಿಯಿತು."

ನಾನು ಮತ್ತೆ ಅದನ್ನೇ ಕೇಳಿದೆ. ಅವಳು ಬೇಸರಿಸದೆ ಮತ್ತೊಮ್ಮೆ ಹೇಳಿದಳು.